ಬೆಂಕಿ ಹಚ್ಚಿ ಕಾಡು ಕಾಯುವವರ ಫೋಟೋ ತೆಗೆಯುವುದು ಹೇಗೆ?

[ದೃಶ್ಯ: ಕಾಡಿನ ರಸ್ತೆ. ಅಂಚಿನಲ್ಲಿ ಮೊಣಕಾಲೆತ್ತರದ ಬೆಂಕಿ. ಪಕ್ಕದಲ್ಲಿ ಖಾಕಿ ಬಟ್ಟೆಯ ಗಾರ್ಡ್, ಕೈಯಲ್ಲಿ ಹಸಿ ಕೊಂಬೆ.]

ನಮಸ್ಕಾರ. ಈ ಫೋಟೋ ಒಂದೇ ನಿಮ್ಮ ವಾಟ್ಸಾಪ್‌ಗೆ ಬಂದರೆ ಏನಂದುಕೊಳ್ಳುತ್ತೀರಿ? ಕಾಡು ಉರೀತಾ ಇದೆ, ಇಲಾಖೆಯವರು ಸುಮ್ನೆ ನಿಂತಿದ್ದಾರೆ ಅಂತ, ಅಲ್ವಾ? ಆದರೆ ಈ ಬೆಂಕಿ ಹಚ್ಚಿದ್ದು ಅವರೇ. ಕಾಡು ಉಳಿಯಲಿ ಅಂತಲೇ ಹಚ್ಚಿದ್ದು.

ಇದು ಬೆಂಕಿ ರೇಖೆ. ಹುಣಸೂರು, ಎಚ್.ಡಿ. ಕೋಟೆ ಕಡೆ ಎಲ್ಲರ ಬಾಯಲ್ಲೂ ಫೈರ್ ಲೈನ್. ನಾಗರಹೊಳೆಯಂಥ ಕಾಡಲ್ಲಿ ಮತ್ತಿ, ತೇಗ, ಹೊನ್ನೆ ಮರಗಳು ಬೇಸಿಗೆಗೆ ಮುಂಚೆಯೇ ಎಲೆ ಉದುರಿಸುತ್ತವೆ. ಹುಲ್ಲು ಒಣಗಿ ನಿಲ್ಲುತ್ತದೆ. ಫೆಬ್ರವರಿಯಿಂದ ಮಳೆ ಬೀಳುವ ತನಕ ಒಂದು ಬೀಡಿ ತುಂಡು ಸಾಕು. ಅದಕ್ಕೇ ಡಿಸೆಂಬರ್, ಜನವರಿಯಲ್ಲಿ ರಸ್ತೆ ಪಕ್ಕ, ಕಾಡಿನ ಗಡಿಯಲ್ಲಿ ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಕಾವಲಿದ್ದು ಸುಡುತ್ತಾರೆ. ಆಮೇಲೆ ಕಾಡ್ಗಿಚ್ಚು ಬಂದರೂ ಆ ಪಟ್ಟಿಯಲ್ಲಿ ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಗಾಳಿ ಜೋರಾಗಿದ್ದರೆ ಕಿಡಿ ಹಾರಿ ಆಚೆ ದಾಟುವುದೂ ಉಂಟು. ಹಾಗಾಗಿ ರೇಖೆ ಇದ್ದರೂ ಬೇಸಿಗೆಯಿಡೀ ಕಾಯಲೇಬೇಕು.

[ದೃಶ್ಯ: ಬಂಡೀಪುರ, ನಾಗರಹೊಳೆಯ ನಕ್ಷೆ]

2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ವಾಯುಸೇನೆಯ ಹೆಲಿಕಾಪ್ಟರ್ ಬಂದು ಮೇಲಿಂದ ನೀರು ಸುರಿಯಬೇಕಾಯಿತು. ಅದಕ್ಕೂ ಮುಂಚೆ, 2017ರಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಫಾರೆಸ್ಟ್ ಗಾರ್ಡ್ ಜೀವ ಕಳೆದುಕೊಂಡರು. ಫೈರ್ ಲೈನ್ ಕೆಲಸವನ್ನು ಇಲಾಖೆಯವರು ಯಾಕೆ ಅಷ್ಟು ಗಂಭೀರವಾಗಿ ಮಾಡುತ್ತಾರೆ ಅನ್ನೋದು ಇದರಿಂದಲೇ ಗೊತ್ತಾಗುತ್ತದೆ.

ಈಗ ಕ್ಯಾಮೆರಾಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಇಲ್ಲಿ ತೆಗೆಯಬೇಕಾದ್ದು ಜ್ವಾಲೆಯನ್ನಲ್ಲ, ಕೆಲಸವನ್ನು. ಜ್ವಾಲೆ ಎಲ್ಲಿ ಉರಿದರೂ ಒಂದೇ ಥರ ಕಾಣುತ್ತದೆ. ಆದರೆ ಈ ಕೈಗಳನ್ನು ನೋಡಿ.

[ದೃಶ್ಯ: ಹತ್ತಿರದಿಂದ, ಸೊಪ್ಪಿನ ಕೊಂಬೆ ಹಿಡಿದ ಕೈ]

ಇವರು ಫೈರ್ ವಾಚರ್. ಬೇಸಿಗೆ ಮಟ್ಟಿಗೆ ಕೆಲಸಕ್ಕೆ ಸೇರಿಸಿಕೊಂಡವರು. ಇವರಲ್ಲಿ ತುಂಬಾ ಜನ ಜೇನುಕುರುಬ, ಬೆಟ್ಟಕುರುಬ ಹಾಡಿಗಳಿಂದ, ಅಂದರೆ ಕಾಡಂಚಿನ ಬುಡಕಟ್ಟು ಊರುಗಳಿಂದ ಬಂದವರು. ಕೊಂಬೆಯನ್ನು ತಲೆ ಮೇಲೆತ್ತಿ ಬಡಿಯುತ್ತಿಲ್ಲ, ಗಮನಿಸಿ. ಹಾಗೆ ಬಡಿದರೆ ಕಿಡಿ ಹಾರುತ್ತದೆ. ಬೆಂಕಿಯ ಅಂಚಿನ ಮೇಲೆ ಸೊಪ್ಪನ್ನು ಒತ್ತಿ, ಸುಟ್ಟ ಕಡೆಗೆ ಎಳೆಯುತ್ತಾರೆ. ಒತ್ತು, ಎಳೆ. ಮತ್ತೆ ಒತ್ತು, ಎಳೆ. ಸೊಪ್ಪು ಬಾಡಿದ ಕೂಡಲೇ ಇನ್ನೊಂದು ಕೊಂಬೆ ಕಡಿದುಕೊಳ್ಳುತ್ತಾರೆ. ಎಲೆಗಳ ಅಂಚು ಕರ್ರಗೆ ಸುರುಟಿಕೊಂಡಿರುತ್ತದೆ, ಹಿಡಿದ ಬೆರಳ ಸಂದಿಯಲ್ಲಿ ಬೂದಿ ಮೆತ್ತಿರುತ್ತದೆ. ಈ ಒಂದು ಫ್ರೇಮ್ ಸಿಕ್ಕಿದರೆ ಇಪ್ಪತ್ತು ಜ್ವಾಲೆಯ ಫೋಟೋ ಬೇಡ.

ಮುಖ ಕಾಣಬೇಕಾದರೆ ಒಂದು ಕಷ್ಟ ಇದೆ. ಬೆಂಕಿ ಅವರ ಬೆನ್ನ ಹಿಂದೆ ಇದ್ದರೆ ಕ್ಯಾಮೆರಾ ಅದರ ಬೆಳಕಿಗೇ ಮೋಸಹೋಗಿ ಮುಖವನ್ನು ಕಪ್ಪು ಮಾಡಿಬಿಡುತ್ತದೆ. ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಅನ್ನು ಮುಖಕ್ಕೇ ಇಡಿ. ಜ್ವಾಲೆ ಸ್ವಲ್ಪ ಬಿಳಿಚಿಕೊಂಡರೂ ಪರವಾಗಿಲ್ಲ. ಬೆಂಕಿಯೇ ಮುಖ್ಯವಾದ ಫ್ರೇಮ್‌ನಲ್ಲಿ ಮಾತ್ರ ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಬೆಳಕು ಅರ್ಧಕ್ಕೆ. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಟ್ಟರೆ ಬೆಂಕಿಯ ಕೇಸರಿ ಬಣ್ಣ ಪೇಲವವಾಗುತ್ತದೆ, ಡೇಲೈಟ್‌ನಲ್ಲಿ ಇಡಿ. ಹೊಗೆಯಲ್ಲಿ ಆಟೋಫೋಕಸ್ ತಡಕಾಡುತ್ತದೆ. ಟೋಪಿಯ ಅಂಚು, ಕೊಂಬೆಯ ತುದಿ, ಹೀಗೆ ಗೆರೆ ಸ್ಪಷ್ಟ ಇರುವ ಕಡೆ ಫೋಕಸ್ ಮಾಡಿ. ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲ್‌ನಲ್ಲೇ ತೆಗೆಯಿರಿ. ಅಲ್ಲಿ ಲೆನ್ಸ್ ಮಾತ್ರ ಬದಲಾಯಿಸಬೇಡಿ, ಬೂದಿ ನೇರವಾಗಿ ಸೆನ್ಸರ್ ಮೇಲೆ ಕೂರುತ್ತದೆ. 70-200 ಜೂಮ್ ಲೆನ್ಸ್ ಒಂದೇ ಹಾಕಿಕೊಂಡು ಹೋದರೆ ಸಾಕು. ಬೆಂಕಿಯ ಮೇಲಿಂದ ಹಾದು ತೆಗೆದರೆ ಬಿಸಿಗಾಳಿಗೆ ಚಿತ್ರ ಕಲಕಿದಂತಾಗುತ್ತದೆ. ಅದು ಲೆನ್ಸ್ ದೋಷ ಅಲ್ಲ, ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿ.

[ದೃಶ್ಯ: ವಾಲುತ್ತಿರುವ ಹೊಗೆ]

ಎಲ್ಲಿ ನಿಲ್ಲಬೇಕು? ರಸ್ತೆ ಮೇಲೆ, ಇಲ್ಲವೇ ಆಗಲೇ ಸುಟ್ಟು ಕಪ್ಪಾದ ನೆಲದ ಮೇಲೆ. ಬೆಂಕಿಗೂ ಒಣ ಹುಲ್ಲಿಗೂ ನಡುವೆ ಯಾವತ್ತೂ ನಿಲ್ಲಬೇಡಿ. ಗಾಳಿಗೆ ಎದುರಾಗಿ ಹಚ್ಚಿದ ಬೆಂಕಿ ಗಿಡ್ಡಗೆ, ನಿಧಾನವಾಗಿ ತೆವಳುತ್ತದೆ, ಅದನ್ನು ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಗಾಳಿ ತಿರುಗಿತೋ, ಅದೇ ಬೆಂಕಿ ಓಡತೊಡಗುತ್ತದೆ. ಇಳಿಜಾರಲ್ಲಿ ಇನ್ನೂ ಅಪಾಯ: ಶಾಖ ಮೇಲೇರಿ ಮುಂದಿನ ಹುಲ್ಲನ್ನು ಮೊದಲೇ ಒಣಗಿಸಿಡುತ್ತದೆ, ಹಾಗಾಗಿ ಬೆಂಕಿ ಏರು ಹತ್ತುವುದೇ ಜಾಸ್ತಿ ವೇಗದಲ್ಲಿ. ಲಂಟಾನ ಪೊದೆ ಹತ್ತಿಕೊಂಡರೆ ಜ್ವಾಲೆ ಆಳೆತ್ತರ ದಾಟುತ್ತದೆ. ವಾಚರ್ "ಸಾರ್, ಗಾಳಿ ತಿರುಗ್ತಾ ಐತೆ, ರೋಡಿಗೆ ಬನ್ನಿ" ಅಂದರೆ ಕ್ಯಾಮೆರಾ ಇಳಿಸಿ ನಡೆಯಿರಿ. "ಒಂದೇ ನಿಮಿಷ ಅಣ್ಣಾ" ಅನ್ನಬೇಡಿ. ಆ ಒಂದು ನಿಮಿಷ ಅವರು ಬೆಂಕಿ ಬಿಟ್ಟು ನಿಮ್ಮನ್ನು ಕಾಯಬೇಕಾಗುತ್ತದೆ.

ಬಟ್ಟೆ ಹತ್ತಿಯದೇ ಇರಲಿ. ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಅಮೆರಿಕದಂಥ ಕಡೆ ಬೆಂಕಿ ಹತ್ತಿರ ಹೋಗುವ ಫೋಟೋಗ್ರಾಫರ್ ಕೂಡ ಬೆಂಕಿ ತಡೆಯುವ ಬಟ್ಟೆ, ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ನಮ್ಮ ವಾಚರ್‌ಗಳಿಗೂ ಅಂಥ ಬಟ್ಟೆ, ಒಳ್ಳೆಯ ಬೂಟು ಸಿಗಬೇಕು. ಅವರ ಕಾಲಲ್ಲಿ ಏನಿದೆ ಅನ್ನೋದನ್ನೂ ಫೋಟೋದಲ್ಲಿ ತೋರಿಸಿ.

ಕಾಡಿಗೆ ಬೇಕಂತಲೇ ಬೆಂಕಿ ಕೊಡುವುದು ಹೊಸದೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಹಿಂದೆ ಬೇಸಿಗೆಗೆ ಮುಂಚೆ ನೆಲದ ಒಣ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ನೆಲ್ಲಿ ಮರಕ್ಕೆ ಹತ್ತುವ ಉಪ್ಪಿಲು ಎಂಬ ಬಂದಳಿಕೆ ಗಿಡ ಆ ಬೆಂಕಿಯಿಂದ ಹತೋಟಿಯಲ್ಲಿರುತ್ತಿತ್ತು ಅನ್ನುವುದು ಅವರ ಅನುಭವ. ಹಾಡಿಯ ಹಿರಿಯರು ಸಿಕ್ಕರೆ ಫೋಟೋ ಜೊತೆ ಅವರ ಮಾತನ್ನೂ ರೆಕಾರ್ಡ್ ಮಾಡಿಕೊಳ್ಳಿ.

ಇನ್ನು ಅನುಮತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇಂಥ ಸಂರಕ್ಷಿತ ಕಾಡಿನ ಒಳಗೆ ಹೋಗಿ ಫೋಟೋ ತೆಗೆಯಲು ಪರ್ಮಿಟ್ ಬೇಕು. ನಾಗರಹೊಳೆಯ ನಿರ್ದೇಶಕರ ಕಚೇರಿ ಹುಣಸೂರಿನಲ್ಲಿದೆ, ಅಲ್ಲಿ ವಿಚಾರಿಸಿ. ಬೆಂಕಿ ಹಚ್ಚುವ ಕಾಲ ಚಿಕ್ಕದು, ಮಳೆಗಾಲ ಮುಗಿಯುವಾಗಲೇ ಕೇಳುವುದು ಒಳ್ಳೆಯದು. ಅನುಮತಿ ಇಲ್ಲದೆ ಡ್ರೋನ್ ಹಾರಿಸಲೇಬೇಡಿ.

[ದೃಶ್ಯ: ಮೊದಲ ಫೋಟೋ, ಅದರ ಮೇಲೇ ಅಡಿಬರಹ ಮೂಡುತ್ತದೆ]

ಕೊನೆಗೆ ಅಡಿಬರಹ. ಅದನ್ನು ಫೋಟೋದ ಕೆಳಗೆ ಬರೆದರೆ ಸಾಲದು, ಚಿತ್ರದ ಮೇಲೇ ಅಚ್ಚಾಗಿರಲಿ. ಯಾಕಂದರೆ ಫಾರ್ವರ್ಡ್ ಮಾಡುವವರು ಮೊದಲು ಕತ್ತರಿಸುವುದೇ ಕೆಳಗಿನ ಬರಹವನ್ನ. ಯಾವ ವಲಯ, ಯಾವ ತಾರೀಕು, ಯಾರು ಹಚ್ಚಿದ್ದು, ಯಾಕೆ ಹಚ್ಚಿದ್ದು, ಈ ನಾಲ್ಕೂ ಅದರಲ್ಲಿ ಬರಲಿ. ಒಪ್ಪಿಗೆ ಕೊಟ್ಟರೆ ವಾಚರ್ ಹೆಸರನ್ನೂ ಹಾಕಿ. ಒಂದು ಪ್ರಿಂಟ್ ಅವರ ಕೈಗೂ ತಲುಪಿಸಿ.