ಬಚ್ಚಲು ತೋರಿಸದೆ ಕೀಲಿಕೈ ಕೊಡಬೇಡಿ

ಕೇಳುಗರೆಲ್ಲರಿಗೂ ಶರಣು ಶರಣಾರ್ಥಿ.

ಮನೆಯ ಒಂದೆರಡು ಕೋಣೆಗಳನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ನಮ್ಮ ಕಲಬುರಗಿಯಲ್ಲೂ ಇದ್ದೀರಿ, ಬೀದರಿನಲ್ಲೂ ಇದ್ದೀರಿ. ಇವತ್ತಿನ ಮಾತು ನಿಮಗಾಗಿ. ನಿಮ್ಮಲ್ಲಿಗೆ ಬರುವವರು ಯಾರು? ಗಾಣಗಾಪುರದ ದತ್ತನ ದರ್ಶನಕ್ಕೆ ಬಂದವರು. ಬಂದೇನವಾಜರ ಉರುಸಿಗೆ ಬಂದವರು. ದೊಡ್ಡ ಆಸ್ಪತ್ರೆಗೆ ರೋಗಿಯ ಜೊತೆ ಬಂದವರು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಮಗಳನ್ನು ಸೇರಿಸಲು ಬಂದ ತಂದೆ ತಾಯಿ. ಬೀದರಿನಲ್ಲಾದರೆ ಗುರುನಾನಕ ಝೀರಾಕ್ಕೆ, ಝರಣಿ ನರಸಿಂಹನಿಗೆ ಬಂದವರು. ಎಲ್ಲರೂ ದಣಿದು ಬಂದಿರುತ್ತಾರೆ. ಎಲ್ಲರೂ ಮೊದಲು ಹೋಗುವುದು ಬಚ್ಚಲಿಗೆ.

ಹೋಟೆಲು, ವಸತಿಗೃಹಗಳ ಕೆಲಸದವರಿಗೆ ಸ್ವಚ್ಛತೆ ಕಲಿಸುವುದು ನನ್ನ ಉದ್ಯೋಗ. ಮನೆಗಳಿಗೂ ಹೋಗಿ ನೋಡುತ್ತೇನೆ. ನೀವು ಚಾದರ ಬದಲಿಸಿರುತ್ತೀರಿ, ವೈಫೈ ಪಾಸ್‌ವರ್ಡ್ ಬರೆದು ಅಂಟಿಸಿರುತ್ತೀರಿ, ಬಂದವರಿಗೆ ಚಹಾನೂ ಕೊಡುತ್ತೀರಿ. ಬಚ್ಚಲನ್ನು ಮಾತ್ರ ದೂರದಿಂದ ಬೆರಳು ಮಾಡಿ ತೋರಿಸಿ ಕೆಳಗೆ ಇಳಿದು ಬಿಡುತ್ತೀರಿ. ಯಾಕೆ? ಸಂಕೋಚ. ಈ ಸಂಕೋಚ ಬಿಡಿ ಅಂತ ಕೇಳಿಕೊಳ್ಳುವುದಕ್ಕೇ ನಾನು ಬಂದಿರುವುದು. ಬಚ್ಚಲು ತೋರಿಸದೆ ಕೀಲಿಕೈ ಕೊಡಬೇಡಿ.

ಒಂದು ಮನೆಯ ಸಂಗತಿ ಹೇಳುತ್ತೇನೆ. ನಮ್ಮೂರಿನದೇ ಒಂದು ಬಡಾವಣೆ. ಗಂಡ ಹೆಂಡತಿ ಇಬ್ಬರೇ, ಗಂಡ ನಿವೃತ್ತ ಮಾಸ್ತರರು. ಮೇಲಿನ ಕೋಣೆಗೆ ಪುಣೆಯಿಂದ ಒಂದು ಕುಟುಂಬ ಬಂತು. ಅಜ್ಜಿ, ಮಗ, ಸೊಸೆ, ಒಂದು ಕೈಗೂಸು. ಮರುದಿನ ಗಾಣಗಾಪುರಕ್ಕೆ ಹೋಗಿ, ಭೀಮಾ ಅಮರಜಾ ಸಂಗಮದಲ್ಲಿ ಮಿಂದು, ಮಧುಕರಿ ಬೇಡಿ ಬರಬೇಕು ಅಂತ ಅಜ್ಜಿಯ ಆಸೆ. ಮಾಸ್ತರರು ಆಧಾರ್ ಕಾರ್ಡ್ ನೋಡಿದರು, ಕೀಲಿಕೈ ಕೊಟ್ಟರು. ಅಷ್ಟೇ.

ರಾತ್ರಿ ಅಜ್ಜಿಗೆ ಬಿಸಿನೀರು ಬೇಕಾಯಿತು. ಗೀಸರಿನ ಸ್ವಿಚ್ ಇರುವುದು ಹೊರಗೆ, ಪರದೆಯ ಹಿಂದೆ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ಚಳಿಯಲ್ಲಿ ತಣ್ಣೀರಲ್ಲೇ ಕೈಕಾಲು ತೊಳೆದು ಮಲಗಿದರು. ನಡುರಾತ್ರಿ ಮಗುವಿನ ಡೈಪರ್ ಬದಲಿಸಬೇಕಾಯಿತು. ಬಚ್ಚಲಲ್ಲಿ ಕಸದ ಬುಟ್ಟಿ ಇಲ್ಲ. ಕೋಣೆಯಲ್ಲೂ ಇಲ್ಲ. ಹೊರಗೆ ಹಾಕಬೇಕೆಂದರೆ ಮನೆಯವರು ಮಲಗಿರುವ ಪಡಸಾಲೆ ದಾಟಿ ಹೋಗಬೇಕು. ಆ ಹುಡುಗಿ ಏನು ಮಾಡಬೇಕು, ನೀವೇ ಹೇಳಿ. ಕಮೋಡಿಗೆ ಹಾಕಿ ಫ್ಲಶ್ ಮಾಡಿದಳು.

ಬೆಳಿಗ್ಗೆ ಅಜ್ಜಿ ಫ್ಲಶ್ ಒತ್ತಿದರು. ನೀರು ಕೆಳಗೆ ಹೋಗಲಿಲ್ಲ, ಮೇಲೆ ಬಂತು. ಹೆದರಿ ಇನ್ನೊಮ್ಮೆ ಒತ್ತಿದರು. ಅಂಚು ಮೀರಿ, ಹೊಸ್ತಿಲು ದಾಟಿ, ಕೋಣೆಯೊಳಗೆ ಇಟ್ಟಿದ್ದ ಪೂಜೆಯ ಚೀಲದ ತನಕ ಬಂತು. ಆ ಅಜ್ಜಿ ಅತ್ತುಬಿಟ್ಟರು.

ನನಗೆ ಫೋನ್ ಬಂತು, ಹೋದೆ. ಮಾಸ್ತರರು ಅಂಗಳದಲ್ಲಿ ಹಾರೆ ಹಾಕಿ ಮೋರಿ ಚೇಂಬರಿನ ಮೇಲಿನ ಪರಸಿ ಕಲ್ಲು ಎಬ್ಬಿಸಿದ್ದರು. ಪೈಪಿನ ಬಾಯಲ್ಲಿ ಡೈಪರ್ ಕೂತಿತ್ತು, ನೀರು ಕುಡಿದು ಸಣ್ಣ ದಿಂಬಿನಂತೆ ಉಬ್ಬಿತ್ತು. ಡೈಪರಿನ ಒಳಗಿರುವ ಪುಡಿಯ ಕೆಲಸವೇ ನೀರು ಹೀರಿ ಉಬ್ಬುವುದು. ಪೈಪಿನೊಳಗೂ ಅದು ಅದನ್ನೇ ಮಾಡುತ್ತದೆ. ಪ್ಯಾಡ್ ಕೂಡ ಹಾಗೆಯೇ. ಒದ್ದೆ ಟಿಶ್ಯೂ ಅಂತ ಮಾರುತ್ತಾರಲ್ಲ, ಅದೂ ನೀರಲ್ಲಿ ಕರಗುವುದಿಲ್ಲ.

ಮಾಸ್ತರರು ರಿಪೇರಿ ಹಣ ಕೊಡಿ ಅಂದರು. ಮಗ ನಾನ್ಯಾಕೆ ಕೊಡಲಿ ಅಂದ. ನಾನು ಮಾಸ್ತರರನ್ನು ಪಕ್ಕಕ್ಕೆ ಕರೆದು, "ಏನೇನು ಹಾಕಬಾರದು ಅಂತ ಇವರಿಗೆ ಹೇಳಿದ್ದಿರಾ?" ಅಂತ ಕೇಳಿದೆ. "ಹ್ಯಾಂಗ ಹೇಳಾದ್ರಿ ಅಕ್ಕೋರೆ ಇಂಥಾದ್ದೆಲ್ಲ? ಬಂದ ಮಂದಿ ಏನ್ ತಿಳಕೋತಾರ?" ಅಂದರು. ಈ ಮಾತು ಎಷ್ಟು ಮನೆಗಳಲ್ಲಿ ಕೇಳಿದ್ದೇನೆ! ಮೊದಲೇ ಹೇಳಿದ್ದರೆ ಅವರು ಏನೂ ತಿಳಿದುಕೊಳ್ಳುತ್ತಿರಲಿಲ್ಲ. ಆದದ್ದೇನು? ಅಂಗಳದಲ್ಲಿ ನಿಂತು, ಅಕ್ಕಪಕ್ಕದವರ ಎದುರು, ಆ ಹುಡುಗಿಯ ಮುಖ ನೋಡಿಕೊಂಡು ಅದೇ ಮಾತು ಆಡಬೇಕಾಯಿತು. ಆಕೆ ತಲೆ ಎತ್ತಲಿಲ್ಲ. ನನಗೆ ಬಹಳ ಬೇಜಾರಾಯಿತು.

ಹಾಗಾದರೆ ಹೇಗೆ ಹೇಳುವುದು? ಬಹಳ ಸುಲಭ. ಚೀಲ ಕೆಳಗಿಡುವ ಮೊದಲೇ "ಬರ್ರಿ, ಬಚ್ಚಲ ತೋರಸ್ತೀನಿ" ಅಂತ ಕರೆಯಿರಿ. ಗೀಸರಿನ ಸ್ವಿಚ್ ನೀವೇ ಒತ್ತಿ ತೋರಿಸಿ. ಬಿಸಿನೀರಿನ ನಲ್ಲಿ ಯಾವುದು ಅಂತ ತಿರುಗಿಸಿ ತೋರಿಸಿ. ಫ್ಲಶ್ ಒಮ್ಮೆ ಒತ್ತಿ. ಆಮೇಲೆ ಮುಚ್ಚಳ ಇರುವ ಬುಟ್ಟಿ ತೋರಿಸಿ. ಪಕ್ಕದಲ್ಲಿ ಹಳೇ ಪೇಪರ್ ಮಡಚಿ ಇಟ್ಟಿರಿ. "ನಮ್ಮ ಪೈಪು ಸಣ್ಣದು, ಪ್ಯಾಡ್, ಡೈಪರ್ ಏನಿದ್ದರೂ ಪೇಪರಲ್ಲಿ ಸುತ್ತಿ ಇದರಲ್ಲೇ ಹಾಕಿ" ಅನ್ನಿ. ತಪ್ಪನ್ನು ಪೈಪಿನ ಮೇಲೆ ಹಾಕಿದರೆ ಯಾರಿಗೂ ನೋವಾಗುವುದಿಲ್ಲ. ಹೆಣ್ಣುಮಕ್ಕಳಿಗೆ ಮನೆಯ ಹೆಣ್ಣುಮಕ್ಕಳೇ ಹೇಳಲಿ. ಘನತ್ಯಾಜ್ಯ ನಿಯಮಗಳೂ ಇವನ್ನು ಸುತ್ತಿಯೇ ಹಾಕಬೇಕು ಅನ್ನುತ್ತವೆ. ಬುಟ್ಟಿಯನ್ನು ದಿನಾ ನೀವೇ ಖಾಲಿ ಮಾಡಿ.

ಗೋಡೆಗೆ ಬೋರ್ಡು ಹಾಕಿದ್ದೇವಲ್ಲ ಅನ್ನುತ್ತೀರಿ. ಅದು ಮಾಡಬೇಡಿ, ಇದು ಮಾಡಬೇಡಿ ಅಂತ ಕೆಂಪಕ್ಷರದಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ. ಅಜ್ಜಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಬಾಯಿಂದ ಹೇಳಿ, ಕೈಯಿಂದ ತೋರಿಸಿ.

ಇನ್ನುಳಿದದ್ದು ಚುಟುಕಾಗಿ ಹೇಳುತ್ತೇನೆ, ಸಮಯ ಕಡಿಮೆ ಇದೆ. ನೆಲ ಒಣಗಿರಲಿ. ಒದ್ದೆ ನೆಲದ ಮೇಲೆ ವಯಸ್ಸಾದವರು ಜಾರುತ್ತಾರೆ. ಒಂದು ವೈಪರ್ ಇಡಿ, ಅದನ್ನೂ ತೋರಿಸಿ. ಹೊಸ ಸೋಪು ಕೊಡಿ, ಹಿಂದಿನವರು ಬಳಸಿ ಬಿಟ್ಟದ್ದು ಬೇಡ. ಕೋಣೆ ನಾಲ್ಕು ದಿನ ಖಾಲಿ ಇದ್ದರೆ ನೆಲದ ಜಾಲಿಗೆ ಒಂದು ತಂಬಿಗೆ ನೀರು ಹಾಕಿ. ಅದರೊಳಗೆ ನಿಲ್ಲುವ ನೀರು ಆರಿಹೋದರೆ ಮೋರಿಯ ವಾಸನೆ ನೇರ ಕೋಣೆಗೆ ಬರುತ್ತದೆ. ನಮ್ಮ ಬೋರ್ ನೀರು ಗಡಸು, ನಲ್ಲಿಯ ಮೇಲೆ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ನಿಂಬೆಹಣ್ಣು ಸಾಕು. ಆ್ಯಸಿಡ್ ಸುರಿಯಬೇಡಿ. ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆ ಎದ್ದು ಸವೆಯುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಕೂಡಿಸಿ ಹಾಕುವವರಿದ್ದಾರೆ. ದಯವಿಟ್ಟು ಬೇಡ. ಕ್ಲೋರಿನ್ ವಿಷಗಾಳಿ ಏಳುತ್ತದೆ, ಬಾಗಿಲು ಹಾಕಿಕೊಂಡು ತೊಳೆಯುವವರ ಜೀವಕ್ಕೇ ಅಪಾಯ.

ಕೊನೆಗೆ ಒಂದು ಮಾತು. ಶರಣಬಸವೇಶ್ವರ ಜಾತ್ರೆಗೆ ಕೋಣೆಗಳು ತುಂಬುವ ಮೊದಲೇ ಚೇಂಬರ್ ತೆಗೆದು ನೋಡಿ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಯಂತ್ರದ ಗಾಡಿ ಕರೆಸಿ ಖಾಲಿ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ಆ ದಿನ ಮಾಸ್ತರರೂ "ಒಬ್ಬನ್ನ ಇಳಸೋಣೇನ್ರಿ?" ಅಂದಿದ್ದರು. ನಾನು ಬಿಡಲಿಲ್ಲ. ಸುರಕ್ಷತೆಯಿಲ್ಲದೆ ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ, ಒಳಗಿನ ಗಾಳಿಗೆ ಕ್ಷಣದಲ್ಲಿ ಪ್ರಾಣ ಹೋಗುತ್ತದೆ. ಪಾಲಿಕೆಗೆ ಫೋನ್ ಮಾಡಿ, ಗಾಡಿ ಕರೆಸಿ. ನಮಸ್ಕಾರ.