ಎಲೆ ಎಷ್ಟು, ಕೂತವರೆಷ್ಟು: ವೆಕ್ಟರ್ ಕಲಿಯುವವರಿಗೆ

ಗೆಳೆಯರೇ, ನೀವೆಲ್ಲ ಸಿ ಭಾಷೆ ಮುಗಿಸಿಕೊಂಡು ಬಂದವರು. ಅಂಕಗಳ ಪ್ರೋಗ್ರಾಂ ಬರೆಯಿರಿ ಅಂದರೆ ಕೈ ತಾನಾಗಿಯೇ 100 ಜಾಗದ ಅರೇ ಘೋಷಿಸುತ್ತೆ. 100 ಯಾಕೆ ಅಂತ ಕೇಳಿದರೆ ಯಾರ ಹತ್ತಿರವೂ ಉತ್ತರ ಇಲ್ಲ. ತರಗತಿಯಲ್ಲಿ 63 ಜನ ಇದ್ದರೆ 37 ಜಾಗ ದಂಡ. 101ನೆಯ ಅಂಕ ಬಂದರೆ ಅದು ಪಕ್ಕದ ಮೆಮೊರಿಯನ್ನು ತುಳಿದುಕೊಂಡು ಹೋಗುತ್ತೆ, ಕಂಪೈಲರ್ ತುಟಿ ಬಿಚ್ಚಲ್ಲ. ಈ ತಾಪತ್ರಯಕ್ಕೆ ಸಿ++ನಲ್ಲಿರುವ ಮದ್ದು ವೆಕ್ಟರ್, ಅಂದರೆ ಬೇಕಾದ ಹಾಗೆ ತಾನೇ ಬೆಳೆಯುವ ಅರೇ. ಅಲೆಕ್ಸಾಂಡರ್ ಸ್ಟೆಪನೋವ್ ಮತ್ತು ಜೊತೆಗಾರರು ಕಟ್ಟಿದ ಲೈಬ್ರರಿಯೊಂದಿಗೆ ಅದು 1998ರ ಸ್ಟ್ಯಾಂಡರ್ಡಿನೊಳಗೆ ಬಂತು. ಆದರೂ ಎಷ್ಟೋ ಲ್ಯಾಬ್ ರೆಕಾರ್ಡುಗಳಲ್ಲಿ ಆ 100 ಇನ್ನೂ ಹಾಗೇ ಇದೆ, ಇರಲಿ ಬಿಡಿ.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು, ಅದನ್ನೇ ನಾಲ್ಕು ಸಲ ಹೇಳ್ತೀನಿ, ಬೇಜಾರಾಗಬೇಡಿ: ಸೈಜು ಬೇರೆ, ಕೆಪ್ಯಾಸಿಟಿ ಬೇರೆ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಹಾಕಿರುವ ಎಲೆ ಎಷ್ಟೋ ಅದು ಕೆಪ್ಯಾಸಿಟಿ. ಎಲೆ ಮುಂದೆ ಕೂತವರು ಎಷ್ಟೋ ಅದು ಸೈಜು. ಎಂಟು ಎಲೆ, ಐದು ಜನ. ಆರನೆಯವರು ಬಂದರೆ ಕೂತರಾಯಿತು, ಗಡಿಬಿಡಿ ಇಲ್ಲ. ಒಂಬತ್ತನೆಯವರು ಬಂದಾಗ ವೆಕ್ಟರ್ ಮಾಡೋದೇನು ಗೊತ್ತೇ? ಪಕ್ಕದಲ್ಲಿ ಒಂದು ಎಲೆ ಸೇರಿಸಲ್ಲ. 16 ಎಲೆ ಹಿಡಿಸುವ ಬೇರೆ ಹಾಲ್ ಹುಡುಕಿ, ಕೂತಿದ್ದ ಎಂಟೂ ಜನರನ್ನು ಎಬ್ಬಿಸಿ ಅಲ್ಲಿಗೆ ಕರೆದೊಯ್ದು, ಹಳೇ ಹಾಲ್ ಬಿಟ್ಟುಕೊಡುತ್ತೆ.

ಇಷ್ಟು ಸಂಭ್ರಮ ಯಾಕೆ, ಪ್ರತಿ ಸಲ 10 ಜಾಗ ಹೆಚ್ಚಿಸಿದರೆ ಸಾಲದೇ? ಲೆಕ್ಕ ಹಾಕೋಣ. ಹತ್ತತ್ತೇ ಹೆಚ್ಚಿಸುತ್ತಾ 1,000 ಸಂಖ್ಯೆ ತುಂಬಿದರೆ, ಹಳೆಯದರಿಂದ ಹೊಸದಕ್ಕೆ ಆಗುವ ನಕಲುಗಳು 10, 20, 30... 990, ಒಟ್ಟು 49,500. ಒಂದರಿಂದ ಶುರುಮಾಡಿ ಪ್ರತಿ ಸಲ ಎರಡುಪಟ್ಟು ಮಾಡಿದರೆ 1, 2, 4... 512, ಒಟ್ಟು 1,023. ಹತ್ತು ಲಕ್ಷ ಸಂಖ್ಯೆಗೆ ಇದೇ ಲೆಕ್ಕ ಹಾಕಿ: ಮೊದಲ ದಾರಿಯಲ್ಲಿ ಸುಮಾರು 5,000 ಕೋಟಿ ನಕಲು, ಎರಡನೆಯದರಲ್ಲಿ 10,48,575. ಎರಡುಪಟ್ಟಿನ ದಾರಿಯಲ್ಲಿ ಆಗೊಂದು ಈಗೊಂದು ಪುಶ್ ಬ್ಯಾಕ್ (ಕೊನೆಗೆ ಒಂದನ್ನು ಸೇರಿಸುವುದು) ದುಬಾರಿ ಆದರೂ ಸರಾಸರಿ ತೆಗೆದರೆ ತಲಾ ಒಂದು ನಕಲಿನ ಆಸುಪಾಸು ಬೀಳುತ್ತೆ. ಪರೀಕ್ಷೆಯಲ್ಲಿ ಅಮಾರ್ಟೈಸ್ಡ್ ಅಂತ ದೊಡ್ಡ ಹೆಸರಿನಿಂದ ಕೇಳೋದು ಇದನ್ನೇ.

ಸೈಜು ಬೇರೆ, ಕೆಪ್ಯಾಸಿಟಿ ಬೇರೆ ಅಂದೆನಲ್ಲ, ಅದು ಮೊದಲು ಕಚ್ಚೋದು ರಿಸರ್ವ್ ಮತ್ತು ರಿಸೈಜ್ ನಡುವೆ. ರಿಸರ್ವ್ 60 ಅಂದರೆ 60 ಎಲೆ ಹಾಕಿದ್ದಷ್ಟೇ, ಒಬ್ಬರೂ ಕೂತಿಲ್ಲ, ಸೈಜು ಇನ್ನೂ ಸೊನ್ನೆ. ಹೊಸಬರು ಇದಾದ ಮೇಲೆ ಚೌಕ ಆವರಣ ಹಾಕಿ 0, 1, 2 ಅಂತ ಅಂಕ ತುಂಬುತ್ತಾ ಹೋಗ್ತಾರೆ. ಅದು ನಿಯಮಬಾಹಿರ, ಆದರೂ ಎಲ್ಲ ಸರಿಯಾಗಿ ಕೂತ ಹಾಗೆ ಕಾಣಬಹುದು. ಆಮೇಲೆ ಸೈಜಿನ ತನಕ ಲೂಪ್ ಓಡಿಸಿದರೆ ಒಂದು ಸಾಲೂ ಪ್ರಿಂಟ್ ಆಗಲ್ಲ. ರಿಸೈಜ್ 60 ಇದಕ್ಕೆ ತದ್ವಿರುದ್ಧ: 60 ಸೊನ್ನೆಗಳನ್ನು ನಿಜವಾಗಿ ಕೂರಿಸುತ್ತೆ. ಅದಾದ ಮೇಲೆ 60 ಅಂಕ ಪುಶ್ ಬ್ಯಾಕ್ ಮಾಡಿದರೆ ಸೈಜು 120, ತರಗತಿಯ ಸರಾಸರಿ ಸರಿಯಾಗಿ ಅರ್ಧ! ಮೇಷ್ಟ್ರು ಬೈಯೋದು ಮಕ್ಕಳಿಗೆ, ತಪ್ಪು ರಿಸೈಜಿನದು. ರಿಸರ್ವ್ ಮಾಡಿದರೆ ಪುಶ್ ಬ್ಯಾಕ್, ರಿಸೈಜ್ ಮಾಡಿದರೆ ಚೌಕ ಆವರಣ. ಕಲಬೆರಕೆ ಬೇಡ.

ಈಗ ನನ್ನ ಮೆಚ್ಚಿನ ಪ್ರಸಂಗ. ಎಲ್ಲ ಲ್ಯಾಬುಗಳಲ್ಲೂ ಯಾವ ರೂಪದಲ್ಲಾದರೂ ನಡೆಯುವಂಥದ್ದು. ಒಬ್ಬ ವಿದ್ಯಾರ್ಥಿನಿ ಖಾಲಿ ವೆಕ್ಟರ್‌ಗೆ ಆರು ಅಂಕ ಪುಶ್ ಬ್ಯಾಕ್ ಮಾಡ್ತಾಳೆ. ಮೊದಲನೆಯದು 91, ಅದೇ ಅತಿ ಹೆಚ್ಚು. ಅದರ ವಿಳಾಸವನ್ನು ಟಾಪರ್ ಅಂತ ಒಂದು ಪಾಯಿಂಟರ್‌ನಲ್ಲಿ ಇಡ್ತಾಳೆ. ಏಳನೆಯ ಅಂಕ ಸೇರಿಸ್ತಾಳೆ, ಟಾಪರ್ ಪ್ರಿಂಟ್ ಮಾಡ್ತಾಳೆ. ಲ್ಯಾಬಿನ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಇದೆ, 91 ಬಂತು. ಮನೆಗೆ ಹೋಗಿ ಅದೇ ಕೋಡನ್ನು ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋದಲ್ಲಿ ಡಿಬಗ್ ಮೋಡ್ ಇಟ್ಟು ಓಡಿಸಿದರೆ -572662307 ತರಹದ್ದೇನೋ ಬರುತ್ತೆ. ಮೈನಸ್ ಐವತ್ತೇಳು ಕೋಟಿ ಅಂಕ ತೆಗೆದ ಟಾಪರ್! ಒಂದಕ್ಷರ ಬದಲಾಗಿಲ್ಲ, ಲ್ಯಾಪ್‌ಟಾಪಿಗೆ ವೈರಸ್ ಅನ್ನೋರಿದ್ದಾರೆ, ವಿಂಡೋಸ್ ಮರು ಇನ್‌ಸ್ಟಾಲ್ ಮಾಡು ಅನ್ನೋರೂ ಇದ್ದಾರೆ.

ಕಾರಣ ಸಾದಾ. ಜಿಸಿಸಿಯ ಲೈಬ್ರರಿ ಎರಡುಪಟ್ಟು ಬೆಳೆಯುತ್ತೆ: 1, 2, 4, 8. ಆರು ಜನ ಇದ್ದಾಗ ಕೆಪ್ಯಾಸಿಟಿ 8, ಏಳನೆಯವರಿಗೆ ಜಾಗ ಇದೆ, ಯಾರೂ ಏಳಬೇಕಿಲ್ಲ. ಮೈಕ್ರೋಸಾಫ್ಟಿನದು ಒಂದೂವರೆ ಪಟ್ಟು: 1, 2, 3, 4, 6, 9. ಅಲ್ಲಿ ಆರಕ್ಕೆ ಪಂಕ್ತಿ ಭರ್ತಿ, ಏಳನೆಯದು ಬಂದಾಗ ಎಲ್ಲರೂ ಹೊಸ ಹಾಲ್‌ಗೆ. ಪಾಯಿಂಟರ್ ಮಾತ್ರ ಹಳೇ ವಿಳಾಸ ಹಿಡಿದುಕೊಂಡು ನಿಂತಿದೆ. ಬಿಟ್ಟುಕೊಟ್ಟ ಮೆಮೊರಿಯ ಬೈಟುಗಳಿಗೆಲ್ಲ ಅಲ್ಲಿನ ಡಿಬಗ್ ಹೀಪ್ (ಡಿಬಗ್ ಮೋಡಿನಲ್ಲಿ ಮೆಮೊರಿ ಹಂಚುವ ವ್ಯವಸ್ಥೆ) ಡಿಡಿ ಅನ್ನುವ ಹೆಕ್ಸ್ ಗುರುತು ಬಳಿಯುತ್ತೆ, ನಾಲ್ಕು ಡಿಡಿಗಳನ್ನು ಇಂಟ್ ಅಂತ ಓದಿದರೆ ಆ ಸಂಖ್ಯೆ. ಜಿಸಿಸಿಯಲ್ಲಿ ತಪ್ಪಿಲ್ಲ ಅಂದುಕೊಳ್ಳಬೇಡಿ, ಒಂಬತ್ತನೆಯ ಅಂಕದ ತನಕ ಅದು ಮುಚ್ಚಿಕೊಂಡಿತ್ತು ಅಷ್ಟೇ.

ಪರಿಹಾರ: ವಿಳಾಸ ಇಟ್ಟುಕೊಳ್ಳಬೇಡಿ, ಇಂಡೆಕ್ಸ್ ಇಟ್ಟುಕೊಳ್ಳಿ. ಟಾಪರ್ ಎಷ್ಟನೇ ಜಾಗದಲ್ಲಿದ್ದಾನೆ ಅನ್ನೋದು ಹಾಲ್ ಬದಲಾದರೂ ಬದಲಾಗಲ್ಲ. ಪಾಯಿಂಟರ್ ಹಾಗೆಯೇ ಒಳಗಿನ ಜಾಗ ತೋರಿಸುವ ಇಟರೇಟರ್, ರೆಫರೆನ್ಸ್ ಎರಡಕ್ಕೂ ಆ ಪಾಯಿಂಟರಿನದೇ ಗತಿ. ಹಾಗೇ ರೇಂಜ್ ಫಾರ್ ಲೂಪ್ (ವೆಕ್ಟರ್‌ನ ಬೆಲೆಗಳನ್ನು ಒಂದೊಂದಾಗಿ ತಾನೇ ಕೊಡುವ ಲೂಪ್) ಓಡುತ್ತಿರುವಾಗ ಅದೇ ವೆಕ್ಟರ್‌ಗೆ ಪುಶ್ ಬ್ಯಾಕ್ ಮಾಡಬೇಡಿ. ಕಂಪೈಲ್ ಮಾಡುವಾಗ ಅಡ್ರೆಸ್ ಸ್ಯಾನಿಟೈಸರ್ ಹಾಕಿ. ಹಳೇ ಜಾಗ ಮುಟ್ಟಿದ ಕ್ಷಣ ಹೀಪ್ ಯೂಸ್ ಆಫ್ಟರ್ ಫ್ರೀ ಅಂತ ಕೂಗಿ ಪ್ರೋಗ್ರಾಂ ನಿಲ್ಲಿಸುತ್ತೆ, ಡಿಬಗ್ ಮಾಹಿತಿಯೂ ಇದ್ದರೆ ಸಾಲಿನ ಸಂಖ್ಯೆ ಸಮೇತ.

ಸಮಯ ಆಯಿತು ಅಂತ ಚೀಟಿ ಬಂದಿದೆ. ಉಳಿದದ್ದನ್ನು ಓಡಿಸ್ತೀನಿ.

ಅಳಿಸುವುದು. ಲೂಪಿನಲ್ಲಿ 35ಕ್ಕಿಂತ ಕಡಿಮೆ ಅಂಕ ತೆಗೆಯುವಾಗ, ಎರೇಸ್ ಮಾಡಿದ ಕೂಡಲೇ ಹಿಂದಿನವರೆಲ್ಲ ಒಂದೊಂದು ಜಾಗ ಮುಂದೆ ಸರಿಯುತ್ತಾರೆ. ಆಗ ಲೂಪಿನ ಇಂಡೆಕ್ಸ್ ಐ ಹೆಚ್ಚಿಸಿದರೆ ಒಬ್ಬ ತಪ್ಪಿಸಿಕೊಂಡ. 20, 30 ಅಕ್ಕಪಕ್ಕ ಇದ್ದರೆ 30 ಪಾಸಾಗಿಬಿಡುತ್ತೆ. ಎರೇಸ್ ಮಾಡಿದ ಸುತ್ತಿನಲ್ಲಿ ಐ ಹೆಚ್ಚಿಸಬೇಡಿ. ಸಿ++20 ಇದ್ದರೆ ಎರೇಸ್ ಇಫ್ ಬಳಸಿ, ಕೆಲಸ ಒಂದೇ ಸಾಲಿನದು.

ಖಾಲಿ ವೆಕ್ಟರ್‌ನ ಸೈಜಿನಿಂದ ಒಂದು ಕಳೆದರೆ -1 ಬರಲ್ಲ, 64 ಬಿಟ್ ಯಂತ್ರದಲ್ಲಿ 18446744073709551615 ಬರುತ್ತೆ, ಯಾಕೆಂದರೆ ಸೈಜಿಗೆ ಋಣ ಚಿಹ್ನೆಯೇ ಇಲ್ಲ. ಮೊದಲು ಎಂಪ್ಟಿ ಅಂತ ಕೇಳಿ. ಕಲಿಯುವ ತನಕ ಚೌಕ ಆವರಣದ ಬದಲು ಅಟ್ ಬಳಸಿ, ಗಡಿ ದಾಟಿದರೆ ಅದು ಎಕ್ಸೆಪ್ಶನ್ ಎಸೆಯುತ್ತೆ.

ಕ್ಲಿಯರ್ ಮಾಡಿದರೆ ಜನ ಎದ್ದು ಹೋಗ್ತಾರೆ, ಎಲೆ ಹಾಗೇ ಇರುತ್ತೆ. ಮತ್ತೆ ಅದೇ ಮಾತು, ಸೈಜು ಬೇರೆ, ಕೆಪ್ಯಾಸಿಟಿ ಬೇರೆ. ಶ್ರಿಂಕ್ ಟು ಫಿಟ್ ಅನ್ನೋದು ಬರೀ ವಿನಂತಿ, ಲೈಬ್ರರಿ ಕೇಳಲೇಬೇಕು ಅಂತಿಲ್ಲ.

ಜಾವಾದ ಅರೇಲಿಸ್ಟ್, ಪೈಥಾನಿನ ಲಿಸ್ಟ್ ಒಳಗೂ ಇದೇ ಯಂತ್ರ. ಜಾವಾದಲ್ಲಿ ಇಂಟೀಜರ್ ಲಿಸ್ಟಿನಿಂದ ರಿಮೂವ್ 1 ಅಂದರೆ ಹೋಗೋದು 1 ಅನ್ನುವ ಬೆಲೆಯಲ್ಲ, ಇಂಡೆಕ್ಸ್ 1ರಲ್ಲಿ ಇರುವುದು. ಎರಡು ಆಯಾಮದ ವೆಕ್ಟರ್ ಬಗ್ಗೆ ಸ್ಲೈಡ್ ಇತ್ತು, ಅದನ್ನು ಬಿಡ್ತೀನಿ.

ಇವತ್ತು ರಾತ್ರಿಯ ಕೆಲಸ: ಖಾಲಿ ವೆಕ್ಟರ್‌ಗೆ 20 ಸಲ ಪುಶ್ ಬ್ಯಾಕ್, ಪ್ರತಿ ಸಲ ಸೈಜು, ಕೆಪ್ಯಾಸಿಟಿ ಮತ್ತು ಡೇಟಾ ಕೊಡುವ ವಿಳಾಸ, ಮೂರನ್ನೂ ಒಂದೇ ಸಾಲಿನಲ್ಲಿ ಪ್ರಿಂಟ್ ಮಾಡಿ. ಕೆಪ್ಯಾಸಿಟಿ ಯಾವ ಸಾಲಿನಲ್ಲಿ ಬದಲಾಗುತ್ತೋ ಆ ಸಾಲಿನ ವಿಳಾಸದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಪ್ರಶ್ನೆ ಇದ್ದವರು ಕೇಳಬಹುದು, ಹಿಂದಿನ ಬೆಂಚಿನವರಿಗೆ ಮೊದಲು ಮೈಕ್ ಕೊಡಿ.