ತುದಿಯ ಮಾತು ನಡುವಿನವರನ್ನು ಸೆಳೆಯುವ ಬಗೆ

ಕೇಳುಗರಿಗೆ ನಮಸ್ಕಾರ.

ಪಶ್ಚಿಮಘಟ್ಟದ ಸಂರಕ್ಷಣೆಯ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯೂ 2013ರಲ್ಲಿ ಕಸ್ತೂರಿರಂಗನ್ ಸಮಿತಿಯೂ ವರದಿ ಕೊಟ್ಟ ಮೇಲೆ ನಮ್ಮ ಮಲೆನಾಡಿನಲ್ಲಿ ಎದ್ದ ಚರ್ಚೆಯನ್ನು ನೀವು ಬಲ್ಲಿರಿ. ವರದಿ ಜಾರಿಯಾದರೆ ತೋಟ ಬಿಟ್ಟು ಹೊರಡಬೇಕೆಂಬ ಭಯ ಒಂದು ತುದಿ; ಕಾಡಿನ ಅಂಚಿನಲ್ಲಿ ಮನುಷ್ಯರೇ ಇರಬಾರದೆಂಬ ಹಟ ಇನ್ನೊಂದು ತುದಿ. ನಡುವೆ ಇರುವವರು, ವರದಿಯನ್ನು ಓದಲು ಅವಕಾಶವಾಗದೆ ಎರಡೂ ಕಡೆಯ ಮಾತಿಗೆ ಕಿವಿಗೊಡುವ ಜನ. ಇಂಥವರನ್ನು ತುದಿಯ ಮಾತು ಹೇಗೆ ಸೆಳೆಯುತ್ತದೆ ಎಂಬುದನ್ನು ಊರಿನ ಮೇಲೆ ಪ್ರಯೋಗಿಸಿ ನೋಡಲು ಬಾರದು. ಆದ್ದರಿಂದ ಸಂಶೋಧಕರು ಕಂಪ್ಯೂಟರಿನೊಳಗೆ ಕೃತಕ ಸಮಾಜವನ್ನು ಕಟ್ಟಿ ನೋಡುತ್ತಾರೆ.

ಫ್ರಾನ್ಸಿನ ಗಿಯೋಮ್ ದೆಫ್ಯುಆಂ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಪ್ರತಿ ವ್ಯಕ್ತಿಗೂ ಎರಡು ಸಂಖ್ಯೆಗಳಿವೆ. ಒಂದು, ಅವರ ಅಭಿಪ್ರಾಯ. ಇನ್ನೊಂದು, ಆ ಅಭಿಪ್ರಾಯದ ಬಗ್ಗೆ ಅವರಿಗಿರುವ ಅನಿಶ್ಚಯ. ಇಬ್ಬಿಬ್ಬರನ್ನು ಯಾದೃಚ್ಛಿಕವಾಗಿ ಎದುರುಬದುರು ತಂದಾಗ, ನಿಲುವುಗಳು ಸಾಕಷ್ಟು ಹತ್ತಿರವಿದ್ದರೆ ಮಾತ್ರ ಒಬ್ಬರು ಇನ್ನೊಬ್ಬರತ್ತ ಸರಿಯುತ್ತಾರೆ; ನಿಶ್ಚಯ ಗಟ್ಟಿಯಾಗಿರುವವರ ಸೆಳೆತವೇ ಹೆಚ್ಚು, ಮತ್ತು ಅಭಿಪ್ರಾಯದ ಜೊತೆಗೆ ಆ ನಿಶ್ಚಯವೂ ಕೇಳಿದವರಿಗೆ ಅಂಟುತ್ತದೆ. ಎರಡೂ ತುದಿಗಳಲ್ಲಿ ಅಲ್ಲಾಡದ ಕೆಲವರನ್ನು ಇಟ್ಟು ಲೆಕ್ಕ ಓಡಿಸಿದಾಗ ಮೂರು ಬಗೆಯ ಫಲಿತಾಂಶಗಳು ಕಂಡವು. ನಡುವಿನವರ ಅನಿಶ್ಚಯ ಕಡಿಮೆಯಿದ್ದರೆ ಹೆಚ್ಚಿನವರು ನಡುವೆಯೇ ಉಳಿಯುತ್ತಾರೆ. ಅದು ಹೆಚ್ಚಿದರೆ ಸಮಾಜ ಎರಡು ತುದಿಗಳಿಗೆ ಒಡೆಯಬಹುದು. ಕೆಲವೊಮ್ಮೆ, ಎರಡೂ ತುದಿಗಳು ಸಮಬಲದಿಂದ ಹೊರಟಿದ್ದರೂ ಎಲ್ಲರೂ ಒಂದೇ ತುದಿಗೆ ಹೋಗಿ ಸೇರುತ್ತಾರೆ. ಈ ಮೂರನೆಯದು ನನ್ನನ್ನು ನಿಜಕ್ಕೂ ಕಳವಳಗೊಳಿಸುತ್ತದೆ. ಹಟಮಾರಿಗಳ ಸಂಖ್ಯೆಯನ್ನೇ ಎಣಿಸುತ್ತ ಕೂರುವ ನಾವು, ನಡುವಿನವರಿಗೆ ತಿಳಿವಳಿಕೆ ಎಷ್ಟು ದೊರೆತಿದೆ ಎಂದು ವಿಚಾರಿಸುವುದೇ ಇಲ್ಲ.

ಮಾದರಿಯೇ ಸಮಾಜವಲ್ಲ ಎಂಬುದನ್ನೂ ಹೇಳಬೇಕು. ಆ ಸಂಖ್ಯೆಗಳಿಗೆ ಎಲೆಚುಕ್ಕಿ ರೋಗದ ಚಿಂತೆಯಿಲ್ಲ, ಸೊಸೈಟಿಯ ಸಾಲವಿಲ್ಲ, ಬಗರ್‌ಹುಕುಂ ಅರ್ಜಿಯ ಆತಂಕವಿಲ್ಲ.

ಯಾರು ಯಾರನ್ನು ಭೇಟಿಯಾಗುತ್ತಾರೆ ಎಂಬುದೂ ಫಲಿತಾಂಶವನ್ನು ಬದಲಿಸುತ್ತದೆ. 2004ರಲ್ಲಿ ಫ್ರೆಡೆರಿಕ್ ಅಂಬ್ಲಾರ್ ಮತ್ತು ದೆಫ್ಯುಆಂ ಈ ಮಾದರಿಯನ್ನೇ ಸಂಪರ್ಕಜಾಲಗಳ ಮೇಲೆ ಓಡಿಸಿದಾಗ, ಸಂಪರ್ಕ ಒಂದು ಮಟ್ಟವನ್ನು ದಾಟಿದ ಮೇಲಷ್ಟೇ ಇಡೀ ಸಮಾಜ ಒಂದೇ ತುದಿಗೆ ವಾಲುವುದು ಕಂಡಿತು. ನೆರೆಹೊರೆಯನ್ನು ಮೀರಿದ ಯಾದೃಚ್ಛಿಕ ಕೊಂಡಿಗಳು ಹೆಚ್ಚಿದಷ್ಟೂ ಆ ಮಟ್ಟ ಕೆಳಗಿಳಿಯಿತು. ಗುಡ್ಡಕ್ಕೊಂದು ಒಂಟಿಮನೆಯಿರುವ ತೀರ್ಥಹಳ್ಳಿ, ಹೊಸನಗರದ ಕಡೆ, ಸಂತೆಯಲ್ಲೂ ಅಡಿಕೆ ಮಂಡಿಯಲ್ಲೂ ಆಗುತ್ತಿದ್ದ ಮಾತುಕತೆಗೆ ಈಗ ಮೊಬೈಲಿನ ಗುಂಪುಗಳು ಸೇರಿವೆ. ವರದಿಯ ಸುದ್ದಿ ಯಾವ ಮನೆಗೆ ಯಾರಿಂದ ಮೊದಲು ತಲುಪಿತು, ಅದನ್ನು ಕೇಳಿದವರು ಮತ್ತಾರನ್ನು ವಿಚಾರಿಸಿದರು ಎಂಬುದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದೊಂದು ಹೋಬಳಿಯಲ್ಲಿ ಕೇಳಿ ಬರೆದುಕೊಂಡರೆ, ಕಂಪ್ಯೂಟರಿಗೆ ಊಹೆಯ ಜಾಲದ ಬದಲು ಮಲೆನಾಡಿನದೇ ಜಾಲವನ್ನು ಕೊಡಬಹುದು.